ಗಂಗೆಯ ಡಾಲ್ಫಿನ್ ನೋಡಲು ಹೋಗುವವರಿಗೆ: ಕ್ಯಾಮೆರಾ ಕೆಳಗಿಡಿ, ಕಿವಿ ತೆರೆದಿಡಿ

ಮೊದಲ ದಿನ ಎಪ್ಪತ್ತು ಫೋಟೋ ತೆಗೆದೆ. ರಾತ್ರಿ ಕೂತು ನೋಡಿದರೆ ಎಲ್ಲದರಲ್ಲೂ ಬರೀ ನೀರು. ಒಂದರಲ್ಲಿ ಮಾತ್ರ ಬೆನ್ನಿನಂಥದ್ದು ಏನೋ ಇತ್ತು. ಅದೂ ಮರದ ತುಂಡೇ ಇರಬಹುದು!

ತಪ್ಪು ನನ್ನದೇ. ಸಮುದ್ರದ ಡಾಲ್ಫಿನ್ ಥರ ಗಾಳಿಯಲ್ಲಿ ಹಾರುತ್ತದೆ, ದೋಣಿ ಜೊತೆ ಪೈಪೋಟಿಗೆ ಬೀಳುತ್ತದೆ ಅಂದುಕೊಂಡಿದ್ದೆ. ಗಂಗೆಯ ಡಾಲ್ಫಿನ್‌ಗೆ ಅಂಥ ಷೋಕಿ ಕಡಿಮೆ. ಉಸಿರಿಗೆ ಮೇಲೆ ಬಂದು, ಒಂದು ಕ್ಷಣ ಬೆನ್ನು ತೋರಿಸಿ, ಮುಳುಗಿಬಿಡುತ್ತದೆ. ಮುಂದೆ ಎಲ್ಲಿ ಏಳುತ್ತದೋ ಹೇಳಲಾಗದು.

ನಾನು ಹೋಗಿದ್ದು ಬಿಹಾರದ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯಕ್ಕೆ. ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ ಸುಮಾರು 60 ಕಿ.ಮೀ. ಉದ್ದದ ಗಂಗೆಯನ್ನೇ 1991ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ನಡುವೆ ಭಾಗಲ್ಪುರ ಇದೆ, ಉಳಿಯಲು ಅದೇ ಅನುಕೂಲ. ಬೆಂಗಳೂರಿನಿಂದ ವಾರಕ್ಕೊಮ್ಮೆ ಅಂಗ ಎಕ್ಸ್‌ಪ್ರೆಸ್ ಇದೆ. ಹತ್ತಿರ ಹತ್ತಿರ ಎರಡು ದಿನದ ಪ್ರಯಾಣ, ಪುರುಸೊತ್ತು ಇದ್ದವರಿಗೆ ಸರಿ. ಇಲ್ಲದಿದ್ದರೆ ಪಾಟ್ನಾವರೆಗೆ ವಿಮಾನ, ಅಲ್ಲಿಂದ ರೈಲು.

ಮಳೆಗಾಲದಲ್ಲಿ ಹೋಗಬೇಡಿ. ನದಿ ಉಕ್ಕಿ ಹರಿಯುತ್ತದೆ, ಡಾಲ್ಫಿನ್‌ಗಳೂ ಉಪನದಿಗಳ ಕಡೆ ಚದುರುತ್ತವೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ವಿಪರೀತ. ಎದುರಿನ ದಡವೇ ಕಾಣದು, ರೈಲುಗಳೂ ಗಂಟೆಗಟ್ಟಲೆ ತಡ. ನಾನು ಫೆಬ್ರವರಿಯಲ್ಲಿ ಹೋದೆ. ನವೆಂಬರ್ ಕೂಡ ಆಗಬಹುದು.

ಮೊದಲ ದಿನ ಹತ್ತಿದ್ದು ಮೋಟಾರ್ ದೋಣಿ. ಅದರ ಗಲಾಟೆಗೆ ಪಕ್ಕದವರ ಮಾತೇ ಕೇಳಿಸಲಿಲ್ಲ. ಎರಡನೇ ದಿನ ಬುದ್ಧಿ ಬಂತು. ಕಹಲ್‌ಗಾಂವ್‌ನಲ್ಲಿ ಹುಟ್ಟು ಹಾಕುವ ದೋಣಿ ಹಿಡಿದೆ. ನದಿ ನಡುವಿನ ಬಂಡೆಗಳ ಹತ್ತಿರ ನಿಲ್ಲಿಸಿದ ಅಂಬಿಗ, 'ಸುಮ್ಮನಿರಿ, ಕೇಳಿಸಿಕೊಳ್ಳಿ' ಎಂಬಂತೆ ಕೈ ಮಾಡಿದ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಹಿಂದಿನಿಂದ 'ಸೂಸ್ಸ್' ಅಂತ ಶಬ್ದ. ಉಸಿರು ಬಿಟ್ಟಿದ್ದು! ಆ ಸದ್ದಿನಿಂದಲೇ ಅಲ್ಲಿಯವರು ಇದನ್ನು 'ಸೋಂಸ್' ಅಂತ ಕರೆಯುವುದು. ತಿರುಗಿ ನೋಡುವಷ್ಟರಲ್ಲಿ ಉದ್ದನೆಯ ಮೂತಿ ನೀರೊಳಗೆ ಜಾರುತ್ತಿತ್ತು.

ಆ ಮೂತಿ ನೋಡಲೇಬೇಕು. ಇಕ್ಕಳದ ಹಾಗೆ ಉದ್ದ, ತೆಳು. ಬಾಯಿ ಮುಚ್ಚಿದ್ದರೂ ಹಲ್ಲು ಹೊರಗೆ ಕಾಣುತ್ತವೆ. ಹೆಣ್ಣಿನ ಮೂತಿ ಗಂಡಿನದಕ್ಕಿಂತ ಉದ್ದ, ಮೈಯೂ ದೊಡ್ಡದು. ಕಣ್ಣು ಮಾತ್ರ ಹೆಸರಿಗಷ್ಟೇ. ಅದರಲ್ಲಿ ಮಸೂರವೇ ಇಲ್ಲ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿದರೆ ಹೆಚ್ಚು. ಕೆಸರು ನೀರಲ್ಲಿ ಕಣ್ಣಿದ್ದೂ ಏನು ಪ್ರಯೋಜನ, ಅಲ್ವಾ? ಹಾಗಾಗಿ 'ಕ್ಲಿಕ್ ಕ್ಲಿಕ್' ಅಂತ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಮೀನು ಎಲ್ಲಿದೆ, ಬಂಡೆ ಎಲ್ಲಿದೆ ಎಂದು ತಿಳಿಯುತ್ತದೆ. ಒಂದು ಪಕ್ಕಕ್ಕೆ ವಾಲಿ, ಈಜುರೆಕ್ಕೆಯಿಂದ ನದಿಯ ತಳ ತಡವುತ್ತಾ ಈಜುವ ಅಭ್ಯಾಸವೂ ಇದೆ. ಅದು ಮೇಲಿಂದ ಕಾಣದು, ಆದರೆ ಕೆಳಗೆ ಹಾಗೆ ನಡೆಯುತ್ತಿದೆ ಎಂದು ಗೊತ್ತಿದ್ದರೆ ಕಾಯುವುದಕ್ಕೆ ಬೇಜಾರಾಗದು.

ಎಲ್ಲಿ ಕಾಯಬೇಕು? ಎರಡು ಹರಿವು ಸೇರುವಲ್ಲಿ, ಸುಳಿ ತಿರುಗುವಲ್ಲಿ. ಮೀನು ಅಲ್ಲೇ ಜಾಸ್ತಿ. ಬೈನಾಕ್ಯುಲರ್ ನನಗೆ ಕೆಲಸಕ್ಕೆ ಬರಲಿಲ್ಲ, ಅದನ್ನು ಹೊಂದಿಸುವಷ್ಟರಲ್ಲಿ ಪ್ರಾಣಿ ಮಾಯ. ಬರಿಗಣ್ಣಲ್ಲಿ ಇಡೀ ನೀರಿನ ಮೇಲೆ ಕಣ್ಣಾಡಿಸುತ್ತಿರಿ. ಒಮ್ಮೆ ಎದ್ದರೆ ಒಂದೆರಡು ನಿಮಿಷದಲ್ಲಿ ಸಾಮಾನ್ಯವಾಗಿ ಮತ್ತೆ ಏಳುತ್ತದೆ. ಹತ್ತಿರ ಹೋಗೋಣ ಎಂದು ಅಂಬಿಗನಿಗೆ ದುಂಬಾಲು ಬೀಳಬೇಡಿ, ಮರಿ ಜೊತೆಗಿದ್ದಾಗ ಅಂತೂ ಬೇಡವೇ ಬೇಡ.

ಇನ್ನೊಂದು ಮಾತು. ಕೀಲು ನೋವಿಗೆ ಡಾಲ್ಫಿನ್ ಎಣ್ಣೆ ಅಂತ ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ. ಈ ಎಣ್ಣೆಗಾಗಿ, ಮೀನು ಹಿಡಿಯುವ ಆಮಿಷಕ್ಕಾಗಿ ಇವನ್ನು ಕೊಂದದ್ದುಂಟು. ಈಗ ಇದು ರಾಷ್ಟ್ರೀಯ ಜಲಚರ. ಬೇಟೆಗೆ ಜೈಲು.

ಬೆಳಿಗ್ಗೆ ಬೇಗ ದೋಣಿ ಹತ್ತಿ. ಬಿಸಿಲೇರಿದ ಮೇಲೆ ನೀರಿನ ಥಳಥಳದಲ್ಲಿ ಏನೂ ಕಾಣದು. ಆ ಹೊತ್ತಿಗೆ ಕಹಲ್‌ಗಾಂವ್ ಹತ್ತಿರದ ಅಂತಿಚಕ್‌ಗೆ ಹೋಗಿ ವಿಕ್ರಮಶಿಲಾ ವಿದ್ಯಾಪೀಠದ ಅವಶೇಷ ನೋಡಿ ಬನ್ನಿ. ಅಲ್ಲಿ ಫೋಟೋ ಚೆನ್ನಾಗಿ ಬರುತ್ತವೆ, ಇಟ್ಟಿಗೆಗಳು ಓಡುವುದಿಲ್ಲ.