ಸಿಮಾಸ್ ಬ್ಯಾಟರಿ ಕಿತ್ತ ಶನಿವಾರ

ನಾನು ಗೇಮ್ ಮಷಿನ್ ರಿಪೇರಿ ಮಾಡೋ ಗೇಮ್ ಸೆಂಟರಿನ ಓಪನಿಂಗ್‌ಗೆ ಇನ್ನೂ ಅರ್ಧ ಗಂಟೆ ಇತ್ತು, ಫ್ಲೋರ್ ಹುಡುಗ ಓಡ್ಕೊಂಡ್ ಬಂದು "ಸರ್, ಟ್ವಿನ್ ರೇಸಿಂಗ್‌ದು ಬಲಗಡೆ ಸೀಟ್ ಬರ್ತಿಲ್ಲ, ಇವತ್ತು ಐದಾರ್ ಸಲ ಹಾಕಿ ತೆಗ್ದೆ, ಆದ್ರೂ ಬರ್ತಿಲ್ಲ" ಅಂದ. ಆ "ಇವತ್ತು" ಅನ್ನೋ ಮಾತನ್ನ ಅಲ್ಲೇ ಹಿಡ್ಕೊಂಡು "ಯಾಕೆ, ನಿನ್ನೆ ಎಷ್ಟ್ ಸಲ ಹಾಕಿ ತೆಗ್ದಿದ್ದೆ?" ಅಂತ ಒಂದೇ ಒಂದ್ ಪ್ರಶ್ನೆ ಕೇಳಿದ್ರೆ ನನ್ ಎರಡು ದಿನ ಉಳೀತಿತ್ತು. ಕೇಳ್ಲಿಲ್ಲ. ಟಾರ್ಚ್, ಸ್ಕ್ರೂಡ್ರೈವರ್ ಎತ್ಕೊಂಡು ಆ ಎರಡು ಸೀಟಿನ ರೇಸಿಂಗ್ ಗೇಮ್ ಮಷಿನ್ ಹತ್ರ ಹೋಗ್ಬಿಟ್ಟೆ.

ಹಿಂದಿನ ಬಾಗಿಲು ತೆಗೆದು ಆನ್ ಮಾಡಿದ್ರೆ ಫ್ಯಾನ್ ಒಂದ್ ಸೆಕೆಂಡ್ ತಿರುಗುತ್ತೆ, ನಿಲ್ಲುತ್ತೆ, ಮತ್ತೆ ತಾನೇ ತಿರುಗುತ್ತೆ, ನಿಲ್ಲುತ್ತೆ. ಸ್ಕ್ರೀನ್ ಪೂರ್ತಿ ಕಪ್ಪು. ಒಳಗಿರೋದು ಮಾಮೂಲಿ ಪಿಸಿನೇ, ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು, ಲಿನಕ್ಸ್ ಹಾಕಿರೋ ಹಾರ್ಡ್‌ಡಿಸ್ಕು, ಯುಎಸ್‌ಬಿ ಡಾಂಗಲ್ಲು, ಪಕ್ಕದಲ್ಲಿ ಸ್ಟೀರಿಂಗು ಬಟನ್ನನ್ನ ಪಿಸಿಗೆ ಜೋಡಿಸೋ ಐಓ ಬೋರ್ಡು. ಮೊದ್ಲು ರ‍್ಯಾಮ್ ತೆಗೆದು ಕಾಂಟ್ಯಾಕ್ಟನ್ನ ರಬ್ಬರಿಂದ ಉಜ್ಜಿ ಹಾಕ್ದೆ, ಉಪಯೋಗ ಆಗ್ಲಿಲ್ಲ. ಆಮೇಲೆ ಎಸ್‌ಎಂಪಿಎಸ್, ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ, ಅದರ ಕನೆಕ್ಟರ್ ಬಿಚ್ಚಿ ಹಸಿರು ವೈರನ್ನ ಕಪ್ಪಿಗೆ ಶಾರ್ಟ್ ಮಾಡಿ ಮೀಟರ್ ಹಿಡಿದೆ. 5.06, 12.1, 3.34 ವೋಲ್ಟ್. ಎಲ್ಲಾ ಸರಿಯಾಗಿದೆ, ಸಪ್ಲೈ ಓಕೆ ಅಂತ ಮನಸ್ಸಲ್ಲೇ ಟಿಕ್ ಹಾಕ್ಬಿಟ್ಟೆ. ಬರೀ ಒಂದ್ ಫ್ಯಾನ್ ತಿರುಗಿಸ್ತಿರೋ ಸಪ್ಲೈ 12 ವೋಲ್ಟ್ ತೋರಿಸೋದ್ರಲ್ಲಿ ಏನೂ ಅರ್ಥ ಇಲ್ಲ ಅಂತ ನನಗೆ ಗೊತ್ತಿಲ್ದೇ ಇರೋ ವಿಷಯ ಅಲ್ಲ. ಹೊಸಬ್ರಿಗೆ ನಾನೇ ಹೇಳ್ಕೊಡ್ತೀನಿ, ಲೋಡ್ ಕೊಟ್ಟು ಅಳೀರಿ ಅಂತ. ಅವತ್ತು ಹೊರಗಡೆ ಮಕ್ಕಳು ಗಾಜಿನ ಬಾಗಿಲಿಗೆ ಮೂಗು ಒತ್ಕೊಂಡ್ ನಿಂತಿದ್ರು, ಮ್ಯಾನೇಜರ್ ನನ್ ಬೆನ್ ಹಿಂದೆ ನಿಂತು ಹತ್ತ್ ನಿಮಿಷಕ್ಕೊಂದ್ ಸಲ "ಎಷ್ಟೊತ್ತಾಗುತ್ತೆ?" ಅಂತಿದ್ರು.

ಆಗ ಮಾಡಿದ ಕೆಲಸ ಸಿಮಾಸ್ ಬ್ಯಾಟರಿ, ಅಂದ್ರೆ ಮದರ್‌ಬೋರ್ಡಿನ ಸೆಟಿಂಗ್ ಉಳಿಸಿಡೋ ಪುಟ್ಟ ಬ್ಯಾಟರಿ, ಕಿತ್ತಿದ್ದು. ಬಯೋಸ್, ಅಂದ್ರೆ ಪಿಸಿನ ಎಬ್ಬಿಸೋ ಬೋರ್ಡೊಳಗಿನ ಪ್ರೋಗ್ರಾಂ, ಏನಾದ್ರೂ ಕೆಟ್ಟಿರ್ಬಹುದು, ರೀಸೆಟ್ ಆಗ್ಲಿ ಅಂತ ಆ ಸಿಆರ್2032 ಬಿಲ್ಲೆ ಎಬ್ಬಿಸಿ, ಐದ್ ನಿಮಿಷ ಬಿಟ್ಟು ವಾಪಸ್ ಕೂರಿಸ್ದೆ. ಸೆಟಿಂಗ್ ಯಾವುದೂ ಬರ್ಕೊಂಡಿರ್ಲಿಲ್ಲ.

ಬ್ಯಾಟರಿ ವಿಷಯದಲ್ಲಿ ನನ್ನ ಸೀನಿಯರ್ ಸಾವಿರ ಸಲ ಹೇಳಿದ್ರು. ಅವ್ರು ಗೇಮ್ ಬೋರ್ಡ್ ಕಾಲದವ್ರು, ಹಳೇ ಗೇಮ್ ಬೋರ್ಡುಗಳನ್ನ ಕ್ಯಾಬಿನೆಟ್ಟಿಗೆ ಜೋಡಿಸೋ 56 ಪಿನ್ನಿನ ಜಾಮಾ ಕನೆಕ್ಟರಲ್ಲಿ ಕೈ ಪಳಗಿದವ್ರು. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡು, 1993ರಲ್ಲಿ ಬಂದಿದ್ದು, ಅದ್ರಲ್ಲಿ ಗೇಮಿನ ಪ್ರೋಗ್ರಾಂ ಇರೋ ರೋಮ್ ಚಿಪ್ಪು ಎನ್‌ಕ್ರಿಪ್ಟ್, ಅಂದ್ರೆ ಬೀಗ ಹಾಕಿದ ಹಾಗೆ, ಆಗಿರುತ್ತೆ, ಬಿಡಿಸೋ ಕೀ ಮಾತ್ರ ಬ್ಯಾಟರಿ ಮೇಲೆ ಬದುಕಿರೋ ಮೆಮೊರೀಲಿ ಇರುತ್ತೆ. ಬ್ಯಾಟರಿ ಮುಗೀತು ಅಂದ್ರೆ ಕೀ ಹೋಯ್ತು, ಒಂದ್ ಚಿಪ್ಪೂ ಕೆಡದೇ ಬೋರ್ಡ್ ಸತ್ತ ಹಾಗೆ. ಸೂಯಿಸೈಡ್ ಬ್ಯಾಟರಿ ಅಂತಾನೇ ಹೆಸರು. ಆ ಕೀಯನ್ನ ವಾಪಸ್ ಬರೆಯೋ ದಾರೀನ ಎಷ್ಟೋ ವರ್ಷ ಆದ್ಮೇಲೆ ಹವ್ಯಾಸಿಗಳು ಕಂಡ್ಹಿಡಿದ್ರು. ಸೀನಿಯರ್ ಮಾತು ಇಷ್ಟೇ: "ಬ್ಯಾಟರಿ ಮುಟ್ಟೋ ಮುಂಚೆ ಅದು ಏನನ್ನ ಕಾಯ್ತಿದೆ ಅಂತ ತಿಳ್ಕೋ." ಪಿಸಿ ಬೋರ್ಡಲ್ಲಿ ಅಂಥಾ ಕೀ ಏನೂ ಇರಲ್ಲ ಬಿಡಿ ಅಂತ ನಾನು ಅದನ್ನ ಹಳೇ ಕಾಲದ ಮಾತಾಗಿ ಪಕ್ಕಕ್ಕಿಟ್ಟಿದ್ದೆ.

ಬ್ಯಾಟರಿ ಹಾಕಿದ್ಮೇಲೂ ಅದೇ ಕಥೆ, ಫ್ಯಾನ್ ತಿರುಗೋದು ನಿಲ್ಲೋದು. ಸರಿ, ಎಡಗಡೆ ಸೀಟಿನ ಎಸ್‌ಎಂಪಿಎಸ್ ಬಿಚ್ಚಿ ಇದಕ್ಕೆ ಹಾಕಿ ನೋಡೋಣ ಅಂತ ಮ್ಯಾನೇಜರನ್ನ ಒಪ್ಪಿಸ್ದೆ, ಅದೂ ಸುಲಭಕ್ಕಾಗ್ಲಿಲ್ಲ, ಓಡ್ತಿರೋ ಸೀಟ್ ನಿಲ್ಲಿಸ್ಬೇಕಲ್ಲ. ಒಂದೇ ಒಂದ್ ಸ್ಪೇರ್ ಸಪ್ಲೈ ಬೇಕು ಅಂತ ಒಂದ್ ವರ್ಷದಿಂದ ಇಂಡೆಂಟ್ ಹಾಕ್ತಾನೇ ಇದ್ದೀನಿ, "ನೋಡೋಣ" ಅನ್ನೋ ಉತ್ತರ ಬಿಟ್ಟು ಇನ್ನೇನೂ ಬಂದಿಲ್ಲ. ಸಪ್ಲೈ ಬದಲಾಯಿಸಿ ಆನ್ ಮಾಡ್ದೆ. ಸ್ಕ್ರೀನ್ ಕಪ್ಪು.

ಈ ಒಂದ್ ನಿಮಿಷಾನ ನಾನು ಆಮೇಲೆ ಎಷ್ಟ್ ಸಲ ನೆನಪಿಸ್ಕೊಂಡಿದ್ದೀನೋ ಲೆಕ್ಕ ಇಲ್ಲ. ಆ ನಿಮಿಷದಲ್ಲಿ ಫ್ಯಾನ್ ನಿಂತಿರ್ಲಿಲ್ಲ. ಒಂದೇ ಸಮನೆ ತಿರುಗ್ತಾನೇ ಇತ್ತು. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಮೊದ್ಲು ಜೋರಾಗಿ ಎದ್ದು ಆಮೇಲೆ ಮೆತ್ತಗಾಗಿದ್ದೂ ಕೇಳಿಸ್ತು. ರೋಗದ ಲಕ್ಷಣಾನೇ ಬದಲಾಗಿತ್ತು, ನಾನು ನೋಡ್ತಿದ್ದಿದ್ದು ಮಾತ್ರ ಸ್ಕ್ರೀನನ್ನ. ಕಪ್ಪು ಅಂದ್ರೆ ಕಪ್ಪು, ಮೊದ್ಲೂ ಕಪ್ಪು ಈಗ್ಲೂ ಕಪ್ಪು, ಏನೂ ಬದಲಾಗಿಲ್ಲ ಅಂತ ತೀರ್ಮಾನ ಮಾಡಿ, ಮ್ಯಾನೇಜರ್ ಕಡೆ ತಿರುಗಿ "ಮದರ್‌ಬೋರ್ಡ್ ಹೋಗಿದೆ ಸರ್" ಅಂದ್ಬಿಟ್ಟೆ. ಅವ್ರು ಅಲ್ಲೇ ಫೋನ್ ತೆಗೆದು ಬೋರ್ಡಿಗೆ ಆರ್ಡರ್ ಹಾಕಿದ್ರು. ಎಡಗಡೆ ಸಪ್ಲೈ ವಾಪಸ್ ಎಡಗಡೆಗೆ ಹಾಕಿ, ಬಲಗಡೆ ಸೀಟಿಗೆ "ಔಟ್ ಆಫ್ ಆರ್ಡರ್" ಬೋರ್ಡ್ ನೇತಾಕಿ ಮನೆಗೆ ಹೋದೆ. ಒಬ್ಳು ಪುಟ್ಟ ಹುಡುಗಿ ಅಣ್ಣ ಎಡಗಡೆ ಓಡಿಸ್ತಿದ್ರೆ ಬಲಗಡೆ ಸೀಟಲ್ಲಿ ಕೂತು ಸುಮ್ನೆ ಸ್ಟೀರಿಂಗ್ ತಿರುಗಿಸ್ತಿದ್ಳು, ಆ ಕಪ್ಪು ಸ್ಕ್ರೀನ್ ನೋಡ್ಕೊಂಡು.

ಭಾನುವಾರ ಸೀನಿಯರ್ ಬಂದ್ರು, ರಜೆ ಇದ್ರೂ. ಬಂದವ್ರು ಮಷಿನ್ ಮುಟ್ಲಿಲ್ಲ. "ನಿನ್ನೆ ಏನೇನ್ ಮಾಡ್ದೆ, ಒಂದೊಂದಾಗಿ ಹೇಳು, ಒಂದೂ ಬಿಡ್ಬೇಡ" ಅಂದ್ರು. ಹೇಳ್ತಾ ಹೋದೆ. ಬ್ಯಾಟರಿ ಅಂದ ತಕ್ಷಣ ಕೈ ಎತ್ತಿ ನಿಲ್ಲಿಸಿದ್ರು. ಬ್ಯಾಗಿಂದ ಒಂದ್ ಎಸ್‌ಎಂಪಿಎಸ್, ಎರಡ್ ವೈರಿನ ಕಡಲೆಕಾಳಿನಷ್ಟ್ ಬಜರ್ ತೆಗೆದ್ರು. ಆ ಎಸ್‌ಎಂಪಿಎಸ್ ಹಾಕಿ, ಬಜರನ್ನ ಬೋರ್ಡಿನ ಸ್ಪೀಕರ್ ಪಿನ್ನಿಗೆ ಸಿಕ್ಕಿಸಿ ಆನ್ ಮಾಡಿದ್ರು. ಮೂರ್ನಾಲ್ಕು ಸೆಕೆಂಡ್ ಏನೂ ಇಲ್ಲ, ಆಮೇಲೆ ಒಂದೇ ಒಂದ್ ಸಣ್ಣ "ಪೀಪ್".

"ಬೋರ್ಡ್ ಬದುಕಿದೆ" ಅಂದ್ರು.

ಕ್ಯಾಶ್ ಕೌಂಟರಿನ ಮಾನಿಟರ್ ಬಿಚ್ಕೊಂಡ್ ಬಾ ಅಂದ್ರು. ತಂದ್ಕೊಟ್ಟೆ. ಕ್ಯಾಬಿನೆಟ್ಟಿನ ಸ್ಕ್ರೀನು ಗ್ರಾಫಿಕ್ಸ್ ಕಾರ್ಡಿಗೆ ಹೋಗಿರುತ್ತಲ್ಲ, ಅದನ್ನ ಮುಟ್ಟದೇ, ಮದರ್‌ಬೋರ್ಡಿಂದೇ ಮಾನಿಟರ್ ಹಾಕೋ ಒಂದ್ ನೀಲಿ ವಿಜಿಎ ಪೋರ್ಟ್ ಇತ್ತು, ಧೂಳು ಮುಚ್ಚಿ ಅದರ ಬಣ್ಣಾನೇ ಕಾಣ್ತಿರ್ಲಿಲ್ಲ, ಊದಿ ಅದಕ್ಕೆ ಚುಚ್ಚಿದ್ರು. ಬಿಳಿ ಅಕ್ಷರ ಬಂತು. ಸಿಮಾಸ್ ಚೆಕ್‌ಸಮ್ ಎರರ್ (ಉಳಿಸಿಟ್ಟ ಸೆಟಿಂಗ್ ತಾಳೆ ಆಗ್ತಿಲ್ಲ ಅಂತ), ಮುಂದುವರಿಯೋಕೆ ಎಫ್1 ಒತ್ತಿ.

ಶನಿವಾರ ಎಡಗಡೆ ಸಪ್ಲೈ ಹಾಕಿದಾಗ್ಲೂ ಇದೇ ಅಕ್ಷರ ಅಲ್ಲೇ ಬಂದಿತ್ತು. ನಾನು ಬ್ಯಾಟರಿ ಕಿತ್ತಾಗ ಬಯೋಸ್ ಡೀಫಾಲ್ಟಿಗೆ ಹೋಗಿ ಮೊದಲ ಡಿಸ್‌ಪ್ಲೇ ಆನ್‌ಬೋರ್ಡ್ ಆಗಿದೆ, ಚಿತ್ರ ಯಾರೂ ನೋಡದ ಪೋರ್ಟಿಗೆ ಹೋಗ್ತಿದೆ, ಕೀಬೋರ್ಡೇ ಇಲ್ಲದ ಕ್ಯಾಬಿನೆಟ್ಟಲ್ಲಿ ಅದು ಎಫ್1 ಒತ್ತಿ ಅಂತ ಕಾಯ್ತಾ ಕೂತಿದೆ. ಮೊದಲ ತೊಂದ್ರೆ ಸಪ್ಲೈದು, ಎರಡನೇದು ನಂದೇ ಸೃಷ್ಟಿ, ಎರಡೂ ಸೇರಿ ಒಂದೇ ಕಪ್ಪು ಸ್ಕ್ರೀನ್ ತೋರಿಸಿದ್ವು. ಮುಖ ಬಿಸಿ ಆಯ್ತು, ಮಾತೇ ಹೊರಡ್ಲಿಲ್ಲ. ಸೀನಿಯರ್ ಬೈಲೂ ಇಲ್ಲ, ಅದು ಇನ್ನೂ ಜಾಸ್ತಿ ನೋವಾಯ್ತು.

ಕೀಬೋರ್ಡ್ ಸಿಕ್ಕಿಸಿ ಎಫ್1 ಒತ್ತಿ ಮುಂದೆ ಹೋದ್ರೆ ಗೇಮ್ ಬರಲಿಲ್ಲ, ಡಿಸ್ಕ್ ಸಿಗ್ತಾನೇ ಇಲ್ಲ ಅಂತು, ಯಾಕಂದ್ರೆ ಬೋರ್ಡು ಡಿಸ್ಕಿನ ಜೊತೆ ಮಾತಾಡೋ ರೀತಿ, ಅಂದ್ರೆ ಸಾಟಾ ಮೋಡ್, ಹಳೇ ಐಡಿಇ ಇದ್ದಿದ್ದು ಹೊಸ ಎಎಚ್‌ಸಿಐ ಆಗಿತ್ತು, ಡಿಸ್ಕಲ್ಲಿರೋ ಗೇಮಿನ ಆ ಹಳೇ ಸಾಫ್ಟ್‌ವೇರಿಗೆ ಅದು ಆಗ್ಬರಲ್ಲ. ಎಡಗಡೆ ಪಿಸಿ ಆನ್ ಮಾಡಿ, ಅದರ ಬಯೋಸ್ ಪುಟ ಒಂದೊಂದನ್ನೂ ಫೋನಲ್ಲಿ ಫೋಟೋ ತೆಗೆದು, ಅದನ್ನ ನೋಡ್ಕೊಂಡು ಇದ್ರಲ್ಲಿ ಹಾಕಿದ್ವಿ. ಗೇಮ್ ಬಂತು.

ಆಮೇಲೆ ಹಳೇ ಎಸ್‌ಎಂಪಿಎಸ್‌ನ ಪಿಸಿಗೇ ಹಾಕಿ, ಮೀಟರ್ ಪ್ರೋಬನ್ನ ಹಾರ್ಡ್‌ಡಿಸ್ಕ್ ಕನೆಕ್ಟರಿನ ಹಳದಿ ವೈರಿಗೆ, ಅಂದ್ರೆ 12 ವೋಲ್ಟ್ ಲೈನಿಗೆ, ಹಿಡಿದು ಆನ್ ಮಾಡಿದ್ವಿ. 11.9 ಅಂತ ಎದ್ದು 10.7ಕ್ಕೆ ಜಾರಿ ಸತ್ತೋಯ್ತು, ಮತ್ತೆ ಅದೇ. 12ರ ಲೈನು 11.4ಕ್ಕಿಂತ ಕೆಳಗೆ ಬರ್ಬಾರ್ದು. ಮೇನ್ಸ್ ಕಿತ್ತು, ಮೇನ್ಸ್ ಒಳಗೆ ಬರೋ ಪ್ರೈಮರಿ ಕಡೆ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟ್ ಮೇಲೇ ಉಳ್ಕೊಂಡಿರ್ಬಹುದು, ಅದನ್ನ ರೆಸಿಸ್ಟರಲ್ಲಿ ಖಾಲಿ ಮಾಡಿ, ಮೀಟರಲ್ಲಿ ಇನ್ನೊಂದ್ ಸಲ ನೋಡ್ಕೊಂಡೇ ಕೈ ಹಾಕಿದ್ವಿ. ಔಟ್‌ಪುಟ್ ಕಡೆ ಮೂರು ಕೆಪಾಸಿಟರಿನ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಒಣಗಿ ಪುಡಿ ಆಗಿತ್ತು. ಇಂಥವು ತಣ್ಣಗಿದ್ದಾಗ ಇಎಸ್‌ಆರ್, ಅಂದ್ರೆ ಒಳಗಿನ ರೆಸಿಸ್ಟೆನ್ಸ್, ಇನ್ನೂ ಜಾಸ್ತಿ ಇರುತ್ತೆ, ಸ್ವಲ್ಪ ಬಿಸಿ ಆದ್ರೆ ಹೇಗೋ ಎದ್ದು ಓಡುತ್ತೆ. ಆಗ್ಲೇ ನಾನು ಆ ಹುಡುಗನ್ನ ಕರೆದು ಕೇಳಿದ್ದು. "ಮೂರ್ ವಾರದಿಂದ ಬೆಳಿಗ್ಗೆ ಎರಡ್ಮೂರ್ ಸಲ ಹಾಕಿ ತೆಗುದ್ರೇನೇ ಬರ್ತಿತ್ತು ಸರ್, ಬರ್ತಿತ್ತಲ್ಲ ಅಂತ ಹೇಳ್ಲಿಲ್ಲ" ಅಂದ. ಅವನ ಮೇಲೆ ನನಗೆ ಕೋಪ ಇಲ್ಲ. ಲಾಗ್ ಬುಕ್ಕಲ್ಲಿ "ವರ್ಕಿಂಗ್", "ನಾಟ್ ವರ್ಕಿಂಗ್" ಅಂತ ಎರಡೇ ಕಾಲಂ ಇರೋದು, "ಒದ್ದಾಡ್ಕೊಂಡ್ ಬಂತು" ಅಂತ ಬರೆಯೋಕೆ ಅವನಿಗೆ ಜಾಗ ಎಲ್ಲಿದೆ?

ಸೋಮವಾರ ಬೆಳಿಗ್ಗೆ ಮತ್ತೆ ಫೋನ್. "ಸರ್, ಬಲಗಡೆದು ಮತ್ತೆ ಡೆಡ್." ಎದೆ ಧಸಕ್ ಅಂತು. ಹೋಗಿ ನೋಡಿದ್ರೆ ಒಂದ್ ಸೆಟಿಂಗ್ ತಪ್ಪೋಗಿತ್ತು: ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗು ಅನ್ನೋದು. ನಮ್ಮಲ್ಲಿ ಪವರ್ ಬಟನ್ ಯಾರೂ ಒತ್ತಲ್ಲ, ಮೇನ್ ಸ್ವಿಚ್ ಹಾಕಿದ್ರೆ ಮಷಿನ್ ಏಳ್ಬೇಕು, ಡೀಫಾಲ್ಟಲ್ಲಿ ಅದು ಆಫ್. ಆ ಪುಟದ ಫೋಟೋ ನಾನು ತೆಗ್ದಿದ್ದೆ, ನೋಡಿ ಹಾಕೋದು ಮರೆತಿದ್ದೆ. ಈಗ ಆ ಫೋಟೋಗಳ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಪ್ರತಿ ಕ್ಯಾಬಿನೆಟ್ ಬಾಗಿಲ ಒಳಗಡೆ ಅಂಟಿಸಿದ್ದೀನಿ, ಟೂಲ್ ಬ್ಯಾಗಲ್ಲಿ ಒಂದ್ ಕೀಬೋರ್ಡು, ಒಂದ್ ಬಜರ್ ಇದೆ. ಬಜರ್ ಸೀನಿಯರ್ ಕೊಟ್ಟಿದ್ದು, ವಾಪಸ್ ಕೇಳ್ಲಿಲ್ಲ.

ಆರ್ಡರ್ ಮಾಡಿದ್ದ ಮದರ್‌ಬೋರ್ಡ್ ಬುಧವಾರ ಬಂತು. ನಾನೇ ಹೋಗಿ ಮ್ಯಾನೇಜರಿಗೆ "ಬೇಕಾಗಿರ್ಲಿಲ್ಲ ಸರ್, ನನ್ ತಪ್ಪು" ಅಂತ ಹೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಮತ್ತೆ ಆ ಸಪ್ಲೈ ಇಂಡೆಂಟ್ ಎಲ್ಲಿದೆ ಕೊಡು" ಅಂದ್ರು. ಎರಡು ಬರ್ಸಿದ್ರು. ಗುರುವಾರ ರಾತ್ರಿ ಕ್ಲೋಸಿಂಗ್ ಆದ್ಮೇಲೆ ಎಡಗಡೆ ಸೀಟಿನ ಸಪ್ಲೈ ಬಿಚ್ಚಿ ನೋಡ್ದೆ, ಅದೂ ಅದೇ ವಯಸ್ಸಿಂದು, ಎರಡು ಕೆಪಾಸಿಟರಿನ ತಲೆ ಆಗ್ಲೇ ಉಬ್ಬೋಕೆ ಶುರುವಾಗಿತ್ತು. ಹೊಸದು ಹಾಕಿ, ಲೋಡಲ್ಲಿ 12.05 ನೋಡಿ, ಬಾಗಿಲು ಮುಚ್ದೆ.