ಒಂದೇ ಲೆನ್ಸ್ ಹೊತ್ತು ಐದು ದಿನ

ಚಾರಣದ ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ಕಿರಿದಾದ ಕೊರಕಲೊಂದರೊಳಗೆ, ಒದ್ದೆ ಬಂಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದೆವು. ಎದುರಿಗೆ ಮೇಲಿನಿಂದ ಧುಮುಕುತ್ತಿದ್ದ ನೀರು, ಎಡಬಲಕ್ಕೆ ಕಪ್ಪು ಗೋಡೆಗಳು. ಹಿಂದೆ ಸರಿಯೋಣವೆಂದರೆ ಅಂಗುಲ ಜಾಗವೂ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ 24–105 ಮಿ.ಮೀ. ಜೂಮ್ ಲೆನ್ಸ್ ಇತ್ತು, ಜೊತೆಗಾರರ ಕ್ಯಾಮೆರಾದಲ್ಲಿ 28–200. ಮೊದಲ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ಎರಡನೆಯದು ದೊಡ್ಡದಾದಷ್ಟೂ ದೂರದ್ದು ಹತ್ತಿರ. ಜಲಪಾತದ ನೆತ್ತಿ ಮತ್ತು ಅದು ಬಂದು ಬೀಳುವ ಮಡು, ಎರಡೂ ನನ್ನ ಚೌಕಟ್ಟಿನೊಳಗೆ ಹೇಗೋ ಕೂತವು. ಅವರು ಎರಡರಲ್ಲಿ ಒಂದನ್ನು ಬಿಡಬೇಕಾಯಿತು. ಹೊರಡುವ ಮುನ್ನ ವಾರಗಟ್ಟಲೆ ನಾವು ವಾದಿಸಿದ್ದೆಲ್ಲ 105 ಮತ್ತು 200ರ ನಡುವಿನ ಅಂತರದ ಬಗ್ಗೆ. 24 ಮತ್ತು 28ರ ನಡುವಿನ ನಾಲ್ಕು ಮಿಲಿಮೀಟರನ್ನು ಇಬ್ಬರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದೇ ಲೆನ್ಸ್ ಒಯ್ಯಬೇಕೆಂಬ ತೀರ್ಮಾನಕ್ಕೆ ಕಾರಣ ಅದಕ್ಕೂ ಹಿಂದಿನ ಒಂದು ಚಾರಣ. ಆಗ ನಾನು 16–35, 50 ಮತ್ತು 70–200 ಎಂದು ಮೂರು ಲೆನ್ಸ್‌ಗಳನ್ನು ಹೊತ್ತಿದ್ದೆ. ಮೂರರ ತೂಕ ಸೇರಿ ಎರಡು ಕಿಲೋಗ್ರಾಂಗೆ ಹತ್ತಿರವಿತ್ತು. ಮೊದಲ ದಿನ ಹೆಜ್ಜೆಗೊಮ್ಮೆ ನಿಂತು ಲೆನ್ಸ್ ಬದಲಿಸಿದ ಉತ್ಸಾಹ ಎರಡನೆಯ ದಿನಕ್ಕೇ ಅರ್ಧವಾಯಿತು. ಆಮೇಲೆ ಕ್ಯಾಮೆರಾಕ್ಕೆ ಯಾವುದು ಅಂಟಿಕೊಂಡಿತ್ತೋ ಅದರಲ್ಲೇ ಎಲ್ಲವನ್ನೂ ತೆಗೆದೆ, ಉಳಿದೆರಡು ಚೀಲದ ತಳದಲ್ಲಿ ಸುಮ್ಮನೆ ಪ್ರಯಾಣ ಮಾಡಿದವು. ಗಾಳಿಗೆ ಎದುರಾಗಿ ಲೆನ್ಸ್ ಬದಲಿಸಿದ್ದಕ್ಕೆ, ಚಿತ್ರವನ್ನು ಹಿಡಿಯುವ ಸೆನ್ಸರ್ ಮೇಲೆ ಕೂತ ಧೂಳು ಬೇರೆ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿ ತೆಗೆದ ಪ್ರತಿಯೊಂದು ಆಕಾಶದಲ್ಲೂ ಅದೇ ಮೂಲೆಯಲ್ಲಿ ಅದೇ ಬೂದು ಚುಕ್ಕೆ ಕಾಣಿಸಿಕೊಂಡಿತು.

ಈ ಬಾರಿ ಆಯ್ಕೆಯನ್ನು ಊಹೆಗೆ ಬಿಡಬಾರದೆಂದು ನನ್ನ ಹಳೆಯ ಚಿತ್ರಗಳನ್ನೇ ಕೇಳಲು ಹೊರಟೆ. ಪ್ರತಿ ಡಿಜಿಟಲ್ ಚಿತ್ರದ ಕಡತದಲ್ಲೂ ಅದನ್ನು ಯಾವ ಫೋಕಲ್ ಲೆಂಗ್ತ್‌ನಲ್ಲಿ, ಅಂದರೆ ಲೆನ್ಸಿನ ಎಷ್ಟು ಮಿ.ಮೀ. ಅಳತೆಯಲ್ಲಿ, ತೆಗೆಯಲಾಯಿತು ಎಂಬುದು ದಾಖಲಾಗಿರುತ್ತದೆ, ಮತ್ತು ಚಿತ್ರಗಳನ್ನು ಜೋಡಿಸಿಡುವ ತಂತ್ರಾಂಶಗಳು ಅದರ ಆಧಾರದ ಮೇಲೆ ಅವನ್ನು ಬೇರ್ಪಡಿಸಿ ಕೊಡುತ್ತವೆ. ಹಾಗೆ ನೋಡಿದಾಗ ನನ್ನ ಜೂಮ್ ಚಿತ್ರಗಳಲ್ಲಿ ಹೆಚ್ಚಿನವು ಆಯಾ ಲೆನ್ಸಿನ ಎರಡು ತುದಿಗಳಲ್ಲಿ ರಾಶಿ ಬಿದ್ದಿದ್ದವು, ನಡುವಿನ ಅಳತೆಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು. ಇದನ್ನು ನನ್ನ ಅಭಿರುಚಿ ಎಂದು ಮೊದಲು ತಿಳಿದೆ. ಎರಡು ದಿನ ಕಳೆದ ಮೇಲೆ ಹೊಳೆದದ್ದು ಬೇರೆ: ತುದಿಯಲ್ಲಿ ಬಿದ್ದ ರಾಶಿ ನನಗೆ ಅಷ್ಟೇ ಸಾಕಾಗಿತ್ತು ಎಂಬುದನ್ನು ಹೇಳುವುದಿಲ್ಲ, ಅಲ್ಲಿಗೆ ಲೆನ್ಸ್ ಮುಗಿಯಿತು ಎಂಬುದನ್ನಷ್ಟೇ ಹೇಳುತ್ತದೆ. ಗೋಡೆಯ ಬುಡದಲ್ಲಿ ಸೇರಿದ ಗುಂಪನ್ನು ನೋಡಿ ಜನ ಗೋಡೆ ನೋಡಲು ಬಂದಿದ್ದಾರೆ ಎಂದುಕೊಂಡಂತಾಗಿತ್ತು ನನ್ನ ಓದು. ಹಾಗಾದರೆ ಯಾವ ಗೋಡೆಯನ್ನು ಕೆಡವಬೇಕು, ಅಗಲದ ಕಡೆಯದನ್ನೋ ದೂರದ ಕಡೆಯದನ್ನೋ ಎಂಬುದಕ್ಕೆ ಅಂಕಿಗಳಲ್ಲಿ ಉತ್ತರವಿರಲಿಲ್ಲ.

ಕಾಗದದ ಮೇಲೆ ಆಯ್ಕೆಗಳಿಗೇನೂ ಕೊರತೆಯಿರಲಿಲ್ಲ. ಪೂರ್ಣ ಚೌಕಟ್ಟಿನ (ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟಿರುವ) ಕ್ಯಾಮೆರಾಗಳಿಗೆ ಎಫ್/4 ಅಪರ್ಚರ್ (ಬೆಳಕಿನ ಕಿಂಡಿ; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಜೂಮಿನ ಕೊನೆಯವರೆಗೂ ಉಳಿಯುವ ಲೆನ್ಸ್‌ಗಳಲ್ಲಿ ಸೋನಿಯ 24–105 (663 ಗ್ರಾಂ), ಕ್ಯಾನನ್‌ನ ಆರ್‌ಎಫ್ 24–105 (700 ಗ್ರಾಂ), ನಿಕಾನ್‌ನ ಜ಼ಡ್ 24–120 (630 ಗ್ರಾಂ) ಇದ್ದವು. ಇನ್ನೂ ದೂರ ನೋಡುವವರಿಗೆ ನಿಕಾನ್‌ನ 24–200 (570 ಗ್ರಾಂ), ಟ್ಯಾಮ್ರಾನ್‌ನ 28–200 (575 ಗ್ರಾಂ), ಕ್ಯಾನನ್‌ನ 24–240 (750 ಗ್ರಾಂ) ಇದ್ದವು. ಚಿಕ್ಕ ಸೆನ್ಸರಿನ ಕ್ಯಾಮೆರಾ ಇರುವವರು ಗುಣಾಕಾರ ಮಾಡಿಯೇ ಹೋಲಿಸಬೇಕು: ಫ್ಯೂಜಿಫಿಲ್ಮ್‌ನ 16–80 ಅನ್ನು ಒಂದೂವರೆಯಿಂದ ಗುಣಿಸಿದರೆ 24–120 ಆಗುತ್ತದೆ, ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಿಗಾಗಿ ಇರುವ ಪ್ಯಾನಸೋನಿಕ್‌ನ ಲೈಕಾ ಹೆಸರಿನ 12–60 ಅನ್ನು ಎರಡರಿಂದ ಗುಣಿಸಿದರೂ ಅದೇ 24–120, ಮತ್ತು ಈ ಕೊನೆಯದರ ತೂಕ ಬರೀ 320 ಗ್ರಾಂ. ತೂಕದ ಲೆಕ್ಕ ಒಂದನ್ನೇ ನೋಡಿದ್ದರೆ ನಾನು ಅಲ್ಲಿಗೇ ನಿಲ್ಲುತ್ತಿದ್ದೆ. ಕೈಯಲ್ಲಿದ್ದ ಕ್ಯಾಮೆರಾ ಬೇರೆಯದಾದ್ದರಿಂದ 24–105 ಕೊಂಡೆ. ನನಗಿಂತ ಹತ್ತು ವರ್ಷ ಹಿರಿಯರಾದ ಜೊತೆಗಾರರು, ದೂರದ ಪ್ರಾಣಿಗಳು ಸಿಕ್ಕರೆ ನಾನು ಪರಿತಪಿಸುತ್ತೇನೆಂದು ಎಚ್ಚರಿಸಿ, ತಮ್ಮ 28–200 ಅನ್ನೇ ತಂದರು.

ಮೊದಲ ದಿನದ ದಾರಿ ಪೂರ್ತಿ ದಟ್ಟ ಕಾಡು. ಬೆಳಗ್ಗೆ ಹತ್ತು ಗಂಟೆಗೂ ನೆಲದ ಮೇಲೆ ಸಂಜೆಯಷ್ಟೇ ಬೆಳಕು. ಸದಾ ಎಫ್/4 ಇರುವ ನನ್ನ ಲೆನ್ಸ್ ಇಲ್ಲಿ ಮೇಲುಗೈ ಸಾಧಿಸುತ್ತದೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಆದರೆ ಅವರ ಲೆನ್ಸ್ 28ರಲ್ಲಿ ಎಫ್/2.8ರವರೆಗೆ ತೆರೆದುಕೊಳ್ಳುತ್ತಿತ್ತು, ಎಂದರೆ ನನ್ನದರ ಎರಡರಷ್ಟು ಬೆಳಕು. ಉದ್ದದ ತುದಿಗೆ ಹೋದಾಗ ಮಾತ್ರ ಅದು ಎಫ್/5.6ಕ್ಕೆ ಇಳಿದು, ಬೆಳಕು ನನ್ನದರ ಅರ್ಧವಾಗುತ್ತಿತ್ತು. ಬದಲಾಗುವ ಅಪರ್ಚರ್ ಎಂದೊಡನೆ ಅಗ್ಗದ್ದು, ಕತ್ತಲೆಯದ್ದು ಎಂದು ಮೂಗು ಮುರಿಯುವ ನನ್ನ ಅಭ್ಯಾಸ ಅಲ್ಲಿಗೆ ಬಿಟ್ಟುಹೋಯಿತು. ಕೈ ನಡುಕವನ್ನು ತಡೆಯುವ ಸ್ಥಿರೀಕರಣ ವ್ಯವಸ್ಥೆಯಿಂದ ಪಾಚಿಗಟ್ಟಿದ ಕಾಂಡಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಶಟರ್ ವೇಗದಲ್ಲೂ ಸ್ಪಷ್ಟವಾಗಿ ತೆಗೆಯಬಹುದಿತ್ತು. ಮುಂದೆ ನಡೆಯುತ್ತಿದ್ದ ಮನುಷ್ಯನಿಗೆ ಅದು ಪ್ರಯೋಜನಕ್ಕೆ ಬಾರದು, ಏಕೆಂದರೆ ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನೇ ಹೊರತು ಅವರ ಕಾಲಿನದನ್ನಲ್ಲ. ಶಟರ್ ವೇಗವನ್ನು 1/125 ಸೆಕೆಂಡಿಗೆ ಒಯ್ದು, ಸೆನ್ಸರಿನ ಬೆಳಕಿನ ಸಂವೇದನೆಯನ್ನು ಐಎಸ್‌ಒ 3200ಕ್ಕೆ ಏರಿಸದೆ ಬೇರೆ ದಾರಿಯಿರಲಿಲ್ಲ.

ಎರಡನೆಯ ದಿನ ತೊರೆಯ ಪಕ್ಕದ ನಡಿಗೆ. ನೀರಿನ ಮೇಲಿನ ಹೊಳಪನ್ನು ತೆಗೆದು ತಳದ ಕಲ್ಲುಗಳನ್ನು ಕಾಣಿಸಲು ಪೋಲರೈಸರ್ ಫಿಲ್ಟರ್ ಚೆನ್ನಾಗಿ ಒದಗಿತು. ಅದೇ ಫಿಲ್ಟರ್ ಹಾಕಿಕೊಂಡು 24ರಲ್ಲಿ ತೆರೆದ ಆಕಾಶವನ್ನು ತೆಗೆದಾಗ ಒಂದು ಪಕ್ಕ ಕಡುನೀಲಿಯೂ ಇನ್ನೊಂದು ಪಕ್ಕ ಪೇಲವವೂ ಆಗಿ, ಚಿತ್ರ ಕಲೆ ಹಿಡಿದ ಬಟ್ಟೆಯಂತಾಯಿತು. ಈ ಫಿಲ್ಟರ್ ತಡೆಯುವುದು ಧ್ರುವೀಕರಣಗೊಂಡ, ಅಂದರೆ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು, ಆದರೆ ಆಕಾಶದ ಬೆಳಕು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹಾಗಿರುವುದಿಲ್ಲ. ಸೂರ್ಯನಿಂದ ತೊಂಬತ್ತು ಡಿಗ್ರಿ ದೂರದಲ್ಲಿ ಅದು ಅತಿ ಹೆಚ್ಚು. ಅಗಲ ನೋಟದ ಲೆನ್ಸ್ ಆ ಏರಿಳಿತವನ್ನೆಲ್ಲ ಒಂದೇ ಚೌಕಟ್ಟಿಗೆ ತುಂಬುತ್ತದೆ. ದಂಡೆಯ ಪುಟ್ಟ ಹೂವುಗಳಿಗಾಗಿ ಮೊಣಕಾಲೂರಿದಾಗ, ಕೊಳ್ಳುವಾಗ ನಾನು ಗಮನಿಸದೇ ಬಿಟ್ಟಿದ್ದ ಒಂದು ಗುಣ ಬೆಳಕಿಗೆ ಬಂತು. ನನ್ನ ಲೆನ್ಸಿನ ಗರಿಷ್ಠ ವರ್ಧನೆ 0.31, ಅಂದರೆ ಸುಮಾರು ಹನ್ನೆರಡು ಸೆಂಟಿಮೀಟರ್ ಅಗಲದ ವಸ್ತು ಇಡೀ ಚೌಕಟ್ಟನ್ನು ತುಂಬುತ್ತದೆ. ಪುಟ್ಟ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದ ಕೊರತೆ ಆ ದಿನ ನನ್ನನ್ನು ಕಾಡಲಿಲ್ಲ.

ಮತ್ತೆ ಆ ಕೊರಕಲಿಗೆ ಬರುತ್ತೇನೆ. “ನಾಲ್ಕೇ ನಾಲ್ಕು ಮಿಲಿಮೀಟರ್, ಅದರಲ್ಲಿ ಏನು ಮಹಾ ವ್ಯತ್ಯಾಸ?” ಎಂದು ಜೊತೆಗಾರರು ನೀರಿನ ಸದ್ದನ್ನು ಮೀರಿಸಿ ಕೂಗಿದರು. ನಾನು ಕ್ಯಾಮೆರಾವನ್ನೇ ಅವರ ಕೈಗಿತ್ತೆ. ಕರ್ಣದ ಉದ್ದಕ್ಕೆ ಅಳೆದರೆ 28 ಮಿ.ಮೀ. ಲೆನ್ಸ್ 75 ಡಿಗ್ರಿಗಳನ್ನು ನೋಡುತ್ತದೆ, 24 ಮಿ.ಮೀ. 84 ಡಿಗ್ರಿಗಳನ್ನು, ಕ್ಷೇತ್ರಫಲದ ಲೆಕ್ಕದಲ್ಲಿ ಎರಡನೆಯದಕ್ಕೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ದೃಶ್ಯ ದಕ್ಕುತ್ತದೆ. ಉದ್ದದ ತುದಿಯಲ್ಲಿ ನಾಲ್ಕು ಮಿಲಿಮೀಟರ್ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ತಿಳಿಯದು, ಅಗಲದ ತುದಿಯಲ್ಲಿ ಅಷ್ಟರಲ್ಲೇ ಒಂದು ಜಲಪಾತದ ನೆತ್ತಿ ಅಡಗಿರುತ್ತದೆ. ಎರಡು ಚಿತ್ರಗಳನ್ನು ತೆಗೆದು ಆಮೇಲೆ ಹೊಲಿಯುತ್ತೇನೆಂದು ಅವರು ಪ್ರಯತ್ನಿಸಿದರು. ನಿಶ್ಚಲವಾದ ಬೆಟ್ಟಸಾಲಿಗೆ ಆ ಉಪಾಯ ಚೆನ್ನಾಗಿಯೇ ಫಲಿಸುತ್ತದೆ; ಕ್ಷಣಕ್ಷಣವೂ ಆಕಾರ ಬದಲಿಸುವ ನೀರು, ಲೆನ್ಸಿನ ಮುಖಕ್ಕೆ ಬಂದು ಕೂರುವ ತುಂತುರು, ಇವುಗಳ ನಡುವೆ ಹೊಲಿಗೆ ಎದ್ದು ಕಂಡಿತು.

ಜೂಮ್ ಲೆನ್ಸ್‌ಗಳ ಇತಿಹಾಸವನ್ನು ಆ ರಾತ್ರಿ ಡೇರೆಯಲ್ಲಿ ಮೆಲುಕು ಹಾಕಿದಾಗ ಇದೇ ಮಾತು ಬೇರೊಂದು ಬಗೆಯಲ್ಲಿ ಕಾಣಿಸಿತು. 1959ರಲ್ಲಿ ಬಂದ ಫೋಕ್ಟ್‌ಲೆಂಡರ್ ಜೂಮರ್, 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕಾಗಿ ತಯಾರಾದ ಮೊದಲ ಜೂಮ್, 36ರಿಂದ ಆರಂಭವಾಗಿ 82ಕ್ಕೆ ಮುಗಿಯುತ್ತಿತ್ತು. 1992ರಲ್ಲಿ ಟ್ಯಾಮ್ರಾನ್ 28–200 ಅನ್ನು ತಂದಾಗ ಎಲ್ಲರ ಕಣ್ಣು ನೆಟ್ಟಿದ್ದು 200ರ ಮೇಲೆ. ಆದರೆ ಈ ಅರುವತ್ತು ವರ್ಷಗಳಲ್ಲಿ ಮೊದಲ ಸಂಖ್ಯೆ 36ರಿಂದ 35ಕ್ಕೆ, 28ಕ್ಕೆ, 24ಕ್ಕೆ, ಪ್ಯಾನಸೋನಿಕ್‌ನ 20–60ರಲ್ಲಿ 20ಕ್ಕೆ ಮೆಲ್ಲಮೆಲ್ಲನೆ ಇಳಿದಿದೆ. ಆ ಇಳಿತ ನಡೆಯುವವನಿಗೆ ಎಷ್ಟು ಕೊಟ್ಟಿದೆ ಎಂಬುದನ್ನು ಡಬ್ಬಿಯ ಮೇಲಿನ ದೊಡ್ಡ ಅಂಕಿ ಹೇಳುವುದಿಲ್ಲ.

ನಾಲ್ಕನೆಯ ದಿನದ ಏರು ಕಡಿದಾಗಿತ್ತು, ಮತ್ತು ಜೊತೆಗಾರರ ಎಚ್ಚರಿಕೆ ನಿಜವಾದದ್ದೂ ಅಂದೇ. ಕಣಿವೆಯ ಆಚೆಯ ಇಳಿಜಾರಿನಲ್ಲಿ ಏಳೆಂಟು ಕಾಡುಮೇಕೆಗಳು ಸಾಲಾಗಿ ಮೇಲೇರುತ್ತಿದ್ದವು. 105ರಲ್ಲಿ ಅವು ಬಂಡೆಯ ಮೇಲೆ ಚೆಲ್ಲಿದ ಕಾಳುಗಳಂತೆ ಕಂಡವು. 200ರಲ್ಲಿ ಕೊಂಬುಗಳನ್ನು ಎಣಿಸಬಹುದಿತ್ತು. ನನ್ನ 24 ಮೆಗಾಪಿಕ್ಸೆಲ್ ಚಿತ್ರವನ್ನು ಅವರ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಆರೂವರೆ ಮೆಗಾಪಿಕ್ಸೆಲ್‌ನಷ್ಟು, ಪರದೆಯ ಮೇಲೆ ನೋಡಲು ಸಾಕು, ಗೋಡೆಗೆ ತೂಗುಹಾಕಲು ಸಾಲದು. ಬಿಸಿಲೇರಿದ ಮೇಲೆ ಮಾತ್ರ ಈ ಅಂತರ ಕುಗ್ಗಿತು: ಕಾದ ಬಂಡೆಗಳಿಂದೆದ್ದ ಗಾಳಿ ಕಣಿವೆಯ ಉದ್ದಕ್ಕೂ ನಡುಗುತ್ತಿದ್ದರಿಂದ ಅವರ 200ರ ಚಿತ್ರಗಳೂ ಕರಗಿದ ಬೆಣ್ಣೆಯಂತೆ ಮೆತ್ತಗಾದವು, ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಅದೇನೇ ಇರಲಿ, ಕತ್ತರಿಸಿ ಹತ್ತಿರ ತಂದುಕೊಳ್ಳುವ ದಾರಿಯಾದರೂ ನನಗಿತ್ತು. ಕೊರಕಲಿನಲ್ಲಿ ಅವರಿಗೆ, ಚೌಕಟ್ಟಿನ ಹೊರಗುಳಿದದ್ದನ್ನು ಆಮೇಲೆ ಒಳಗೆ ತರುವ ದಾರಿಯಿರಲಿಲ್ಲ.

ಮೇಲೆ ತಲುಪಿದಾಗ ಬೀಸಿದ ಗಾಳಿಗೆ ಕೈಗವಸು ತೆಗೆಯಲೂ ಮನಸ್ಸಾಗಲಿಲ್ಲ. ಇನ್ನೊಂದು ಲೆನ್ಸ್ ಚೀಲದಲ್ಲಿದ್ದಿದ್ದರೂ ಅಲ್ಲಿ ಅದನ್ನು ಬದಲಿಸುವ ಹುಚ್ಚು ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಧೂಳು ಮತ್ತು ನೀರಿನ ಹನಿಗಳನ್ನು ತಡೆಯುವ ರಬ್ಬರ್ ಅಂಚುಗಳು ಇಬ್ಬರ ಲೆನ್ಸಿಗೂ ಇದ್ದವು. ಆದರೂ ಜೂಮ್ ತಿರುಗಿಸಿದಾಗ ಹೊರಚಾಚುವ ಕೊಳವೆಯ ಮೇಲೆ ಕೂತ ಮರಳನ್ನು ಒರೆಸದೆ ಒಳಗೆಳೆದುಕೊಂಡರೆ ಆ ಅಂಚುಗಳನ್ನು ನಂಬಿ ಪ್ರಯೋಜನವಿಲ್ಲ; ಮೊದಲು ಒರೆಸಿ ಆಮೇಲೆ ಮಡಚುವುದನ್ನು ಅಂದು ರೂಢಿ ಮಾಡಿಕೊಂಡೆವು. ರಾತ್ರಿ ಚಳಿಯಿಂದ ಬೆಚ್ಚನೆಯ ತಂಗುದಾಣದೊಳಗೆ ಕಾಲಿಡುವ ಮುನ್ನ ನಾನು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿದೆ, ತೇವ ಚೀಲದ ಹೊರಮೈಯಲ್ಲೇ ಹನಿಗಟ್ಟಿತು. ಜೊತೆಗಾರರು ನೇರವಾಗಿ ಒಳಗೊಯ್ದು, ಮಂಜು ಹಿಡಿದ ಗಾಜನ್ನು ಅರ್ಧ ಗಂಟೆ ನೋಡುತ್ತಾ ಕೂತರು.

ನಕ್ಷತ್ರಗಳ ವಿಷಯದಲ್ಲಿ ಇಬ್ಬರೂ ಸೋತೆವು. ಎಫ್/1.8ರ ಒಂದು ಪುಟ್ಟ ಲೆನ್ಸ್ ನನ್ನ ಎಫ್/4ಗಿಂತ ಸುಮಾರು ಐದು ಪಟ್ಟು ಬೆಳಕು ತುಂಬಿಕೊಳ್ಳುತ್ತದೆ. ರಾತ್ರಿಯ ಆಕಾಶಕ್ಕಾಗಿಯೇ ಬೆಟ್ಟ ಹತ್ತುವವರಿಗೆ ಈ ಬಗೆಯ ಜೂಮ್ ಹೇಳಿ ಮಾಡಿಸಿದ್ದಲ್ಲ.

ಐದನೆಯ ದಿನ ಇಳಿಯುವಾಗ ಮಳೆ ಹಿಡಿಯಿತು. ಬೆನ್ನುಚೀಲದ ಭುಜಪಟ್ಟಿಗೆ ಸಿಕ್ಕಿಸಿದ ಕ್ಯಾಮೆರಾ ಕೆಳಮುಖವಾಗಿ ತೂಗುತ್ತಿದ್ದರಿಂದ, ಮತ್ತು ಕೊಳವೆ ತಾನಾಗಿ ಜಾರಿ ಉದ್ದವಾಗದಂತೆ ತಡೆಯುವ ಬೀಗವನ್ನು ಜೊತೆಗಾರರು ಹಾಕಲು ಮರೆತಿದ್ದರಿಂದ, ಅವರ ಲೆನ್ಸ್ ಹೆಜ್ಜೆಗೊಮ್ಮೆ ಉದ್ದವಾಗಿ ಮೊಣಕೈಗೆ ಬಡಿಯುತ್ತಿತ್ತು. ಅವರು ಅದಕ್ಕೂ ಬೈಯ್ದುಕೊಳ್ಳದೆ, ಮೇಕೆಗಳ ಚಿತ್ರವನ್ನು ಪದೇ ಪದೇ ತೆರೆದು ನೋಡುತ್ತಾ ನಡೆದರು.

ಮನೆಗೆ ಮರಳಿದ ಮೇಲೆ ಐದು ದಿನಗಳ ಚಿತ್ರಗಳ ಫೋಕಲ್ ಲೆಂಗ್ತ್‌ಗಳನ್ನು ಮತ್ತೆ ಬೇರ್ಪಡಿಸಿದೆ. 105ರ ಕಡೆಯ ರಾಶಿ ಬಹುಪಾಲು ನಾಲ್ಕನೆಯ ದಿನದ್ದು, ಅದರಲ್ಲೂ ಆ ಮೇಕೆಗಳದ್ದು. 24ರ ಕಡೆಯ ರಾಶಿ ಐದೂ ದಿನಗಳಿಗೆ ಹರಡಿಕೊಂಡಿತ್ತು, ಮತ್ತು ಈ ಸಲ 35ರಿಂದ 60ರ ನಡುವೆ ಕೂಡ, ಹಿಂದೆಂದೂ ಇಲ್ಲದ ಒಂದು ಗುಡ್ಡೆ ಬಿದ್ದಿತ್ತು. ಲೆನ್ಸ್ ಬದಲಿಸುವ ಯೋಚನೆಯೇ ಇಲ್ಲದಾಗ ನಡುವಿನ ಅಳತೆಗಳಲ್ಲಿ ನಿಂತು ನೋಡುವ ವ್ಯವಧಾನ ಬಂದಿರಬೇಕು. ಜೊತೆಗಾರರಿಗೆ ಈ ಲೆಕ್ಕಗಳನ್ನೆಲ್ಲ ಕಳಿಸಿದೆ. ತಮಗೆ ಮೇಕೆಗಳು ಮುಖ್ಯ, ತಮ್ಮ 28–200 ಅನ್ನು ಬಿಡುವ ಪ್ರಶ್ನೆಯೇ ಇಲ್ಲ ಎಂದು ಅವರು ಉತ್ತರಿಸಿದರು. ಕೆಳಗೆ ಇನ್ನೊಂದು ಸಾಲು ಸೇರಿಸಿ, ಆ ಜಲಪಾತದ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಕಳಿಸಿಕೊಡಿ ಎಂದು ಕೇಳಿದ್ದರು.