ಲಾ ಪಾಜ್: ಬಡವರು ಮೇಲೆ, ಸಿರಿವಂತರು ಕೆಳಗೆ

ನಮ್ಮಲ್ಲಿ ದುಡ್ಡಿದ್ದವರು ಎತ್ತರದ ಜಾಗ ಹುಡುಕಿ ಮನೆ ಕಟ್ಟಿಸುತ್ತಾರೆ. ಬೊಲಿವಿಯಾದ ಲಾ ಪಾಜ್‌ನಲ್ಲಿ ಅವರಿರುವುದು ಕಣಿವೆಯ ತಳದಲ್ಲಿ. ಅಲ್ಲಿ ಚಳಿ ಕಮ್ಮಿ. ಬಡವರ ಊರು ಎಲ್ ಆಲ್ಟೊ ಮೇಲೆ, 4,000 ಮೀಟರ್ ಎತ್ತರದಲ್ಲಿ. ವಿಮಾನ ಇಳಿಯುವುದೂ ಅಲ್ಲೇ. ಅಷ್ಟೆತ್ತರದ ತೆಳುಗಾಳಿಗೆ, ಇಳಿದವನು ತಲೆ ಹಿಡಿದುಕೊಂಡು ಮಲಗಿಬಿಟ್ಟೆ. ಕೋಕಾ ಎಲೆಯ ಚಹಾ ಕುಡಿ ಅಂದರು. ಹುಲ್ಲು ಕುದಿಸಿದ ನೀರಿನ ಹಾಗಿತ್ತು.

ಈ ಎರಡು ಊರುಗಳ ನಡುವೆ ಆಗಿನ ಅಧ್ಯಕ್ಷ ಎವೊ ಮೊರಾಲೆಸ್ ಸರ್ಕಾರ 2014ರಲ್ಲಿ ರೋಪ್‌ವೇ ಶುರು ಮಾಡಿತು. ದಿನಾ ಕೆಲಸಕ್ಕೆ ಹೋಗಿಬರುವವರಿಗೆ. ನಾನು ಹೋದಾಗ ಟಿಕೆಟ್ 3 ಬೊಲಿವಿಯಾನೊ ಇತ್ತು. ಹಳದಿ ಲೈನಿನಲ್ಲಿ ನನ್ನೆದುರು ಕೂತಿದ್ದವರು ಅಲ್ಲಿನ ಮೂಲನಿವಾಸಿ ಐಮಾರಾ ಜನಾಂಗದ ಹೆಂಗಸು. ನೆರಿಗೆ ನೆರಿಗೆಯ ದೊಡ್ಡ ಲಂಗ, ಎರಡು ಜಡೆ, ತಲೆ ಮೇಲೆ ಪುಟ್ಟ ದುಂಡು ಹ್ಯಾಟು, ಮಡಿಲಲ್ಲಿ ಚೀಸಿನ ಗಂಟು. ಕೆಳಗಿನ ಬಡಾವಣೆಗೆ ಮಾರಲು ಹೊರಟಿದ್ದರು.

ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ಎವೊ ಬಗ್ಗೆ ಕೇಳಿದೆ. ಆಯಮ್ಮ ಬೆರಳು ಮಡಚುತ್ತಾ ಹೋದರು. ಸ್ಕೂಲಿಗೆ ಹೋಗುವ ಮಗುವಿಗೆ ವರ್ಷಕ್ಕೆ 200 ಬೊಲಿವಿಯಾನೊ. ಅಮ್ಮನಿಗೆ ಪಿಂಚಣಿ. "ಅಧ್ಯಕ್ಷರ ಅರಮನೆ ಇರೋ ಮುರಿಯೊ ಚೌಕದೊಳಕ್ಕೆ ನಮ್ಮಜ್ಜಿಯನ್ನ ಬಿಡ್ತಿರಲಿಲ್ಲ. ಎವೊ ಬಂದ್ಮೇಲೆ ನಮ್ಮ ಹಾಗೆ ಲಂಗ ಉಟ್ಟವರು ಮಂತ್ರಿ ಆದ್ರು."

ಹಾಗಾದರೆ ವೋಟು ಅವರಿಗೇ ಅಲ್ವಾ ಅಂದೆ.

"2016ರಲ್ಲಿ ಬೇಡ ಅಂತ ಹಾಕ್ದೆ."

ಸತತ ಎರಡೇ ಅವಧಿ ಅನ್ನುವ 2009ರ ಸಂವಿಧಾನ ಎವೊ ಸರ್ಕಾರವೇ ತಂದದ್ದು. ಅದನ್ನು ತಿದ್ದಲಾ ಅಂತ 2016ರಲ್ಲಿ ಜನರನ್ನೇ ಕೇಳಿದರು. ಶೇ. 51ಕ್ಕೂ ಜಾಸ್ತಿ ಮಂದಿ ಬೇಡ ಅಂದರು. ಮಾರನೇ ವರ್ಷ ಸಂವಿಧಾನ ನ್ಯಾಯಮಂಡಳಿ, ಮತ್ತೆ ನಿಲ್ಲುವುದು ಮಾನವ ಹಕ್ಕು ಎಂದು ದಾರಿ ಬಿಟ್ಟಿತು! 2019ರ ಚುನಾವಣೆ ಗಲಾಟೆಗೆ ತಿರುಗಿತು. ಸೇನಾ ಮುಖ್ಯಸ್ಥರು ಇಳಿಯಿರಿ ಎಂದ ದಿನವೇ ಎವೊ ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಬಲಪಂಥದ ಸರ್ಕಾರದಲ್ಲಿ ಎಲ್ ಆಲ್ಟೊದ ಸೆಂಕಾಟಾದಲ್ಲಿ ಪ್ರತಿಭಟನೆಗೆ ಬಂದವರು ಗುಂಡಿಗೆ ಸತ್ತರು.

"ನಾನು ಬೇಡ ಅಂದಿದ್ದು ಇನ್ನೊಂದು ಅವಧಿ ಬೇಡ ಅಂತ," ಅಂದರು ಆಯಮ್ಮ. "ಇದಕ್ಕಲ್ಲ."

ಎವೊ ಕಾಲದಲ್ಲಿ ಕಡುಬಡತನ 2005ರ ಸುಮಾರು ಶೇ. 38ರಿಂದ 2018ಕ್ಕೆ ಶೇ. 15ರ ಆಸುಪಾಸಿಗೆ ಇಳಿದಿತ್ತು. ಬೊಲಿವಿಯಾ ಹೊರದೇಶಕ್ಕೆ ಮಾರುವ ಗ್ಯಾಸ್‌ಗೆ ಒಳ್ಳೆ ರೇಟು ಸಿಕ್ಕಿದ ಕಾಲ ಹೌದು. ಆದರೆ ಆ ದುಡ್ಡು ಆಯಮ್ಮನ ಮನೆವರೆಗೂ ಬಂತಲ್ಲ, ಅದು ಸುಮ್ನೆ ಆಗೋದಲ್ಲ. ಮುರಿಯೊ ಚೌಕದಲ್ಲಿ ಹಳೇ ಅರಮನೆಯ ಹಿಂದೆ 2018ರಲ್ಲಿ ಎದ್ದ ಅಧ್ಯಕ್ಷರ ಗೋಪುರವನ್ನೂ ನೋಡಿದೆ. ವಿಕಾರ. ಇಷ್ಟೆತ್ತರ ಕಟ್ಟಿಸಿಕೊಂಡವರಿಗೆ ಇಳಿಯುವ ಮನಸ್ಸಾದರೂ ಹೇಗೆ ಬರುತ್ತೆ?

ಅಲ್ಲಿಂದ ಉಯುನಿಗೂ ಹೋದೆ. ಅಲ್ಲಿನ ಉಪ್ಪಿನ ಬಯಲು ಫೋಟೊದಲ್ಲಿದ್ದ ಹಾಗೇ ಇತ್ತು. ಲಾ ಪಾಜ್‌ಗೆ ವಾಪಸ್ ಬರುವಾಗ ದಾರಿ ತೆರೆದಿದೆಯಾ ಅಂತ ಕೇಳಿದ್ದಕ್ಕೆ ಬಸ್ ಕೌಂಟರಿನವನು ಹೂಂ ಅಂದು ಟಿಕೆಟ್ ಕೊಟ್ಟ. ನಡುದಾರಿಯ ಓರುರೊ ಊರಿನ ಹತ್ತಿರ ಪ್ರತಿಭಟನೆಯವರು ರಸ್ತೆಗೆ ಅಡ್ಡ ಕಲ್ಲು, ಟೈರು ಹಾಕಿದ್ದರು. ದುಡ್ಡು ವಾಪಸ್ ಇಲ್ಲ. ಬ್ಯಾಗು ಹೊತ್ತು ಆಚೆ ಬದಿಗೆ ನಡೆದು ವ್ಯಾನ್ ಹತ್ತಿದೆವು. ಕೋಕಾ ರೈತರ ನಾಯಕನಾಗಿದ್ದಾಗ ಎವೊ ಕೂಡ ಹೀಗೇ ರಸ್ತೆ ತಡೆಸಿದವರು, ಹಾಗಾಗಿ ಯಾರನ್ನ ಬೈಯೋದು? ನೀವು ಹೋಗೋದಾದರೆ ವಿಮಾನದ ಹಿಂದಿನ ದಿನವೇ ಲಾ ಪಾಜ್ ಸೇರಿಕೊಳ್ಳಿ. ದಾರಿಯ ವಿಷಯ ಕೌಂಟರಿನಲ್ಲಿ ಕೇಳಬೇಡಿ, ಆ ಕಡೆಯಿಂದ ಬಂದಿಳಿದವರನ್ನ ಕೇಳಿ.